ಹೊಟ್ಟಿ ತುಂಬ ಹಾಕಿದ್ದೇ ತಪ್ಪಾತೇನು? ಮೊಲದ ಮರಿಗಳ ಮೇವಿನ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತಿನ ಸಂಚಿಕೆ ಒಂದು ಫೋನ್ ಕರೆಯಿಂದ ಶುರುವಾಗುತ್ತೆ.

ಬೆಳಿಗ್ಗೆ ಆರು ಗಂಟೆ. ಫೋನ್ ಮಾಡಿದ್ದು ನಮ್ಮ ಚಿಗವ್ವ, ತಾವರಗೇರಾದಿಂದ. ಕುಷ್ಟಗಿ ತಾಲ್ಲೂಕಿನ ನಮ್ಮೂರು. 'ತಮ್ಮಾ, ಮತ್ತ ಮೂರು ಹೋದ್ವು ನೋಡು. ನಿನ್ನಿ ರಾತ್ರಿ ಹೊಟ್ಟಿ ತುಂಬ ತಿಂದು ಚಂದಾಗಿ ಮಲಗಿದ್ವು' ಅಂದಳು. ಆಮೇಲೆ ವಾಟ್ಸ್‌ಆ್ಯಪ್‌ಗೆ ಒಂದು ಫೋಟೊ ಬಂತು. ಗೋಣಿಚೀಲದ ಮೇಲೆ ಮೂರು ಬಿಳಿ ಮೊಲದ ಮರಿ. ಮೂರೂ ದುಂಡಗಿದ್ದವು. ಬಡಕಲು ಮರಿ ಒಂದೂ ಇರಲಿಲ್ಲ.

ಚಿಗವ್ವ ಸ್ವಸಹಾಯ ಸಂಘದಿಂದ ಸಾಲ ತಗೊಂಡು ಮನೆ ಹಿಂದೆ ತಗಡಿನ ಶೆಡ್ ಹಾಕಿಸಿದ್ದಳು. ಎಂಟು ಹೆಣ್ಣು ಮೊಲ, ಎರಡು ಗಂಡು. ಮೊದಲ ಸಲ 40 ಮರಿಗಳಿಗೆ ತಾಯಿಹಾಲು ಬಿಡಿಸಿದಳು. ಅದಾದ ಎರಡು ವಾರದಲ್ಲಿ 19 ಸತ್ತವು. ಸಾಲದ ಕಂತು ಮಾತ್ರ ಎರಡೆರಡು ವಾರಕ್ಕೊಮ್ಮೆ ತಪ್ಪದೆ ಬರುತ್ತಿತ್ತು.

ಊರಿಗೆ ಹೋದೆ. ಪಶುವೈದ್ಯರು ಒಬ್ಬರು ಬಂದಿದ್ದರು. ಸತ್ತ ಒಂದು ಮರಿಯ ಹೊಟ್ಟೆ ಕೊಯ್ದು ತೋರಿಸಿದರು. ಒಳಗೆ ಕರುಳು ಗಾಳಿ, ನೀರು ತುಂಬಿ ಉಬ್ಬಿತ್ತು. ಅವರು ಕೇಳಿದ ಮೊದಲ ಪ್ರಶ್ನೆ: 'ದಿನಕ್ಕ ಎಷ್ಟು ಹಾಕ್ತೀರಿ?'

ಚಿಗವ್ವ ಹೆಮ್ಮೆಯಿಂದ ಹೇಳಿದಳು, 'ಡಬ್ಬಿ ಖಾಲಿ ಆಗಾಕ ಬಿಡಂಗಿಲ್ರಿ.'

'ಅದನ್ನ ಕಡಿಮಿ ಮಾಡ್ರಿ' ಅಂದರು ವೈದ್ಯರು.

ಅವರು ಹೋದ ಮೇಲೆ ಚಿಗವ್ವನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. 'ಸಾಯೋ ಮರಿಗೆ ಉಪವಾಸ ಹಾಕು ಅಂತಾರಲ್ಲ! ಹೊಟ್ಟಿ ತುಂಬ ಹಾಕಿದ್ದೇ ತಪ್ಪಾತೇನು?'

ಈ ಪ್ರಶ್ನೆಗೆ ಉತ್ತರ ಹುಡುಕೋದೇ ಇವತ್ತಿನ ಸಂಚಿಕೆ. ನೀವು ಮೊಲ ಸಾಕದೇ ಇರಬಹುದು, ಆದರೂ ಕೇಳಿ. ಮೇವು ಕಮ್ಮಿ ಮಾಡಿದ್ರೆ ಜೀವ ಉಳಿಯುತ್ತೆ ಅನ್ನೋ ಮಾತು ಮೊದಲಿಗೆ ನನಗೂ ಉಲ್ಟಾ ಅನ್ನಿಸಿತ್ತು.

ಕುರಿಗಾಹಿಗೆ ಮೊದಲೇ ಗೊತ್ತಿದ್ದ ಮಾತು

ಚಿಗವ್ವನ ಸಿಟ್ಟು ಇಳಿಸಿದ್ದು ವೈದ್ಯರೂ ಅಲ್ಲ, ನಾನೂ ಅಲ್ಲ. ಪಕ್ಕದ ಮನೆಯ ಕುರಿ ಕಾಯೋ ಅಜ್ಜ. ಕಟ್ಟೆ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದ. 'ಅಲ್ಲವ್ವ, ಕುರಿ ಜ್ವಾಳದ ರಾಶಿಗೆ ಬಾಯಿ ಹಾಕಿದ್ರ ಏನಾಗ್ತೈತಿ ಗೊತ್ತಿಲ್ಲೇನು?' ಅಂದ.

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು. ರಾಶಿ ಕಾಲದಲ್ಲಿ ಕುರಿ ಕಣಕ್ಕೆ ನುಗ್ಗಿ ಕಾಳು ತಿಂದರೆ ಹೊಟ್ಟೆ ಉಬ್ಬಿ ಬೀಳುತ್ತೆ. ಕರುಳು ಬೇನೆ ಅಂತ ಇನ್ನೊಂದಿದೆ. ಕ್ಲಾಸ್ಟ್ರಿಡಿಯಂ ಅನ್ನೋ ಬ್ಯಾಕ್ಟೀರಿಯಾದಿಂದ ಬರೋದು. ಅದು ಕುರಿಯ ಕರುಳಲ್ಲಿ ಸ್ವಲ್ಪ ಪ್ರಮಾಣದಲ್ಲಿ ಸುಮ್ಮನೆ ಇರುತ್ತೆ. ಒಮ್ಮೆಲೇ ಕಾಳು ಅಥವಾ ಎಳೆ ಹಸಿರು ಮೇವು ಜಾಸ್ತಿ ಬಿತ್ತು ಅಂದ್ರೆ ಅದಕ್ಕೆ ಹಬ್ಬ. ಬೆಳೆದು ವಿಷ ಬಿಡುತ್ತೆ. ಹಿಂಡಿನಲ್ಲಿ ಚೆನ್ನಾಗಿ ತಿಂದು ಬೆಳೆದ ಕುರಿಯೇ ಮೊದಲು ಸಾಯುತ್ತೆ. ಅದಕ್ಕೇ ಮಳೆಗಾಲಕ್ಕೆ ಮುಂಚೆ ಪಶುಪಾಲನಾ ಇಲಾಖೆಯವರು ಇದರ ಲಸಿಕೆ ಹಾಕೋದು.

ಮೊಲದ್ದೂ ಇದೇ ಕಥೆಯ ತಮ್ಮ ಅಂತ ಇಟ್ಕೊಳ್ಳಿ. ರೋಗಾಣು, ವಿವರ ಬೇರೆ ಬೇರೆ. ಆದರೆ ತಿಂದಿದ್ದು ಜೀರ್ಣವಾಗದೆ ಹಿಂದಿನ ಕರುಳಿಗೆ ಹೋಗಿ, ಅಲ್ಲಿ ಬೇಡದವರಿಗೆ ಊಟವಾಗುತ್ತೆ ಅನ್ನೋ ಸೂತ್ರ ಒಂದೇ.

ಮೊಲದ ಹೊಟ್ಟೆ ಕೆಲಸ ಮಾಡೋದು ಹೇಗೆ?

ಮೊದಲು ಒಂದು ಗೊಂದಲ ತೆಗೆದುಬಿಡೋಣ. ನಮ್ಮ ಹೊಲದಲ್ಲಿ ಓಡೋ ಮೊಲ ಬೇರೆ, ಗೂಡಿನ ಮೊಲ ಬೇರೆ. ಹೊಲದ್ದು ಕಾಡುಪ್ರಾಣಿ. ಅದನ್ನ ಹಿಡಿಯೋದು, ಕೊಲ್ಲೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ತೆರೆದಿರುತ್ತೆ. ಸಾಕುಮೊಲದ ಮರಿ ಹಾಗಲ್ಲ. ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು, ಐವತ್ತು-ಅರವತ್ತು ಗ್ರಾಂ ತೂಕದಲ್ಲಿ ಹುಟ್ಟುತ್ತೆ. ಕಣ್ಣು ಬಿಡೋಕೆ ಹತ್ತು ದಿನ ಬೇಕು. ತಾಯಿ ಹಾಲು ಕೊಡೋದು ದಿನಕ್ಕೆ ಸಾಮಾನ್ಯವಾಗಿ ಒಂದೇ ಸಲ, ಅದೂ ಕೆಲವೇ ನಿಮಿಷ. ಸುಮಾರು 20 ದಿನಕ್ಕೆ ಮರಿ ಕಾಳು, ಸೊಪ್ಪು ಕಡಿಯೋಕೆ ಶುರು ಮಾಡುತ್ತೆ. 28ರಿಂದ 35 ದಿನದೊಳಗೆ ತಾಯಿಯಿಂದ ಬೇರೆ ಮಾಡ್ತಾರೆ.

ಆ ಹಾಲಿನಲ್ಲಿ ಕೆಲವು ಕೊಬ್ಬಿನಾಮ್ಲಗಳಿವೆ. ಅವು ಕೆಟ್ಟ ಬ್ಯಾಕ್ಟೀರಿಯಾಗಳನ್ನು ಹದ್ದುಬಸ್ತಿನಲ್ಲಿ ಇಡುತ್ತವೆ. ಹಾಲು ನಿಂತ ದಿನ ಆ ಕಾವಲು ಹೋಯ್ತು. ದೊಡ್ಡ ಮೊಲದ ಹೊಟ್ಟೆಯಲ್ಲಿ ಬಲವಾದ ಆಮ್ಲ ಇರುತ್ತೆ, ಬಂದ ರೋಗಾಣುಗಳಲ್ಲಿ ಹೆಚ್ಚಿನವು ಅಲ್ಲೇ ಸಾಯುತ್ತವೆ. ಮರಿಯ ಹೊಟ್ಟೆಯಲ್ಲಿ ಆ ಆಮ್ಲ ಇನ್ನೂ ಬಲಿತಿರಲ್ಲ. ಪಿಷ್ಟ ಅರಗಿಸೋ ಕಿಣ್ವಗಳೂ ಪೂರ್ತಿ ತಯಾರಾಗಿರಲ್ಲ. ಅಂದ್ರೆ ಹಳೇ ಕಾವಲುಗಾರ ಹೋಗಿದ್ದಾನೆ, ಹೊಸಬ ಇನ್ನೂ ಕೆಲಸಕ್ಕೆ ಸೇರಿಲ್ಲ. ಆ ಎರಡು-ಮೂರು ವಾರವೇ ಅಪಾಯದ ಕಾಲ. ಚಿಗವ್ವನ 19 ಮರಿಗಳೂ ಹೋಗಿದ್ದು ಸರಿಯಾಗಿ ಅದೇ ಅವಧಿಯಲ್ಲಿ.

ಈಗ ಸೀಕಮ್ ಬಗ್ಗೆ. ಕನ್ನಡದಲ್ಲಿ ಕುರುಡುಗರುಳು. ನಮಗೆ ಇದು ಚಿಕ್ಕದು. ಮೊಲಕ್ಕೆ ದೊಡ್ಡ ಚೀಲ. ಜೀರ್ಣಾಂಗದಲ್ಲಿರೋ ಒಟ್ಟು ಸರಕಿನ ಸುಮಾರು ಶೇ 40ರಷ್ಟು ಅಲ್ಲೇ ಇರುತ್ತೆ. ಇದನ್ನು ಹುದುಗಿನ ಗಡಿಗೆ ಅನ್ನಿ. ಒಳ್ಳೆ ಬ್ಯಾಕ್ಟೀರಿಯಾಗಳು ನಾರನ್ನು ಹುಳಿಸಿ ಶಕ್ತಿ ಕೊಡುತ್ತವೆ. ಇಲ್ಲಿಂದ ಹೊರಬರೋ ಮೆತ್ತನೆಯ ಹಿಕ್ಕೆಯನ್ನು ಮೊಲ ನೇರವಾಗಿ ಬಾಯಿ ಹಾಕಿ ಮತ್ತೆ ತಿನ್ನುತ್ತೆ. ಅಸಹ್ಯ ಅಂದ್ಕೋಬೇಡಿ. ಅದರಲ್ಲಿ ಪ್ರೊಟೀನ್, ಬಿ ವಿಟಮಿನ್ ಇರುತ್ತೆ. ನೆಲದ ಮೇಲೆ ಬಿದ್ದಿರೋ ಗಟ್ಟಿ ಗುಂಡು ಹಿಕ್ಕೆ ಬೇರೆ, ಅದನ್ನು ಅದು ಮುಟ್ಟಲ್ಲ.

ಡಬ್ಬಿ ಸದಾ ತುಂಬಿದ್ದರೆ ಮರಿ ದಿನಕ್ಕೆ ಸುಮಾರು 30 ಸಲ ಬಾಯಿ ಹಾಕುತ್ತೆ. ಬಹುಪಾಲು ರಾತ್ರಿ. ತಿಂದಿದ್ದು ಬೇಗ ಬೇಗ ಮುಂದಕ್ಕೆ ಸಾಗುತ್ತೆ. ಸಣ್ಣ ಕರುಳಿಗೆ ಅರಗಿಸೋಕೆ ಪುರುಸೊತ್ತು ಸಿಗಲ್ಲ. ಉಳಿದ ಪಿಷ್ಟ, ಪ್ರೊಟೀನ್ ಎಲ್ಲ ಕುರುಡುಗರುಳಿಗೆ ಬೀಳುತ್ತೆ. ಗಡಿಗೆಯ ಹುದುಗು ಕೆಡುತ್ತೆ. ಗಾಳಿ, ಉಬ್ಬರ, ನೀರು ಭೇದಿ. ಮೊಲಕ್ಕೆ ವಾಂತಿ ಮಾಡೋಕೂ ಬರಲ್ಲ.

ಮೇವು ಕಡಿಮೆ ಆದಾಗ ಇದೆಲ್ಲ ತಿರುಗುತ್ತೆ. ತಿಂದಿದ್ದು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೆ, ಚೆನ್ನಾಗಿ ಅರಗುತ್ತೆ, ಹಿಂದಕ್ಕೆ ಹೋಗೋ ಉಳಿಕೆ ಕಡಿಮೆಯಾಗುತ್ತೆ.

ಫ್ರಾನ್ಸ್‌ನಲ್ಲಿ ಆಗಿದ್ದೇನು?

ಇದನ್ನು ತೂಕದ ಕಲ್ಲಿಟ್ಟು ಅಳೆದು ನೋಡಿದವರು ಫ್ರಾನ್ಸ್‌ನವರು. ಅಲ್ಲಿ ಮೊಲದ ಮಾಂಸ ದೊಡ್ಡ ಉದ್ಯಮ. 1996-97ರಲ್ಲಿ ಪಶ್ಚಿಮ ಫ್ರಾನ್ಸ್‌ನ ಫಾರ್ಮ್‌ಗಳಲ್ಲಿ ಹೊಸ ಕರುಳಿನ ರೋಗ ಕಾಣಿಸಿಕೊಂಡಿತು. ಹಾಲು ಬಿಟ್ಟ ಮರಿಗಳು ಹೊಟ್ಟೆ ಉಬ್ಬಿ ರಾಶಿ ರಾಶಿ ಸತ್ತವು. ರೋಗ ಬೇರೆ ದೇಶಗಳಿಗೂ ಹಬ್ಬಿತು. ಇದೇ ರೋಗಾಣು ಅಂತ ಬೆರಳು ಮಾಡಿ ತೋರಿಸೋಕೆ ವರ್ಷಗಟ್ಟಲೆ ಆಗಲಿಲ್ಲ. ಆ್ಯಂಟಿಬಯಾಟಿಕ್ ಸುರಿದರು. ಅದಕ್ಕೂ ಮಿತಿ ಬಂತು. ಪ್ರಾಣಿ ಬೇಗ ಬೆಳೀಲಿ ಅಂತ ಮೇವಿನಲ್ಲಿ ಆ್ಯಂಟಿಬಯಾಟಿಕ್ ಬೆರೆಸೋದನ್ನು ಯುರೋಪಿಯನ್ ಒಕ್ಕೂಟ 2006ರ ಜನವರಿಯಿಂದ ಪೂರ್ತಿ ನಿಷೇಧಿಸಿತು.

ಈ ಹೊತ್ತಿನಲ್ಲಿ ತುಲೂಸ್ ಹತ್ತಿರದ ಇನ್ರಾ ಸಂಸ್ಥೆಯ ಥಿಯೆರಿ ಜಿದೆನ್ ಮತ್ತು ಅವರ ಜೊತೆಗಾರರು ಮೇವಿನ ಪ್ರಮಾಣವನ್ನೇ ಪರೀಕ್ಷೆಗೆ ಇಟ್ಟರು. ಒಂದು ಗುಂಪಿಗೆ ಬೇಕಾದಷ್ಟು. ಇನ್ನೊಂದಕ್ಕೆ ಅದರ ಶೇ 80, ಮತ್ತೊಂದಕ್ಕೆ ಶೇ 70, ಹೀಗೆ. ಹಾಲು ಬಿಡಿಸಿದ ಮೇಲೆ ಸುಮಾರು ಮೂರು ವಾರ ಕಡಿಮೆ ಕೊಟ್ಟು, ಆಮೇಲೆ ಮತ್ತೆ ಧಾರಾಳ. ಹಲವು ಕೇಂದ್ರಗಳಲ್ಲಿ ಕಂಡಿದ್ದು ಇಷ್ಟು: ಶೇ 20 ಅಥವಾ ಅದಕ್ಕಿಂತ ಹೆಚ್ಚು ಕಡಿತ ಮಾಡಿದಾಗ ಆ ಅವಧಿಯಲ್ಲಿ ಕರುಳಿನ ರೋಗ, ಸಾವು ಎರಡೂ ಇಳಿದವು. 2012ರಲ್ಲಿ ಈ ಎಲ್ಲ ಅಧ್ಯಯನಗಳ ಸಾರವನ್ನು ಅವರು ಒಟ್ಟುಗೂಡಿಸಿ ಪ್ರಕಟಿಸಿದರು. ಅಷ್ಟೊತ್ತಿಗೆ ಫ್ರಾನ್ಸ್‌ನ ಬಹುಪಾಲು ಫಾರ್ಮ್‌ಗಳು ಇದನ್ನು ರೂಢಿ ಮಾಡಿಕೊಂಡಿದ್ದವು.

ಬೆಳವಣಿಗೆಗೆ ಹೊಡೆತ ಬೀಳಲ್ವಾ?

ಬೀಳುತ್ತೆ. ಚಿಗವ್ವನ ಎರಡನೇ ಪ್ರಶ್ನೆಯೂ ಅದೇ. 'ತೂಕ ಬರಲಿಲ್ಲ ಅಂದ್ರ ತಗೊಳ್ಳೋರು ಯಾರು?'

ಮೇವು ಶೇ 20 ಕಡಿಮೆಯಾದರೆ ಆ ಮೂರು ವಾರ ದಿನದ ತೂಕ ಏರಿಕೆಯೂ ಶೇ 15ರಿಂದ 20ರಷ್ಟು ಇಳಿಯುತ್ತೆ. ಆಮೇಲೆ ಮೇವು ಬಿಟ್ಟಾಗ ಮರಿ ಮೊದಲಿಗಿಂತ ಜೋರಾಗಿ ಬೆಳೆದು ಕಳೆದುಕೊಂಡ ತೂಕದಲ್ಲಿ ದೊಡ್ಡ ಪಾಲು ವಾಪಸ್ ಪಡೆಯುತ್ತೆ. ಪೂರ್ತಿ ಅಲ್ಲ. ಮಾರೋ ಹೊತ್ತಿಗೆ ತೂಕ ಚೂರು ಕಮ್ಮಿ ಇರುತ್ತೆ, ಮೈಯಲ್ಲಿ ಕೊಬ್ಬೂ ಕಮ್ಮಿ. ಆದರೆ ಒಂದು ಕೆಜಿ ತೂಕಕ್ಕೆ ಖರ್ಚಾದ ಮೇವೂ ಕಮ್ಮಿಯಾಗುತ್ತೆ.

ಕಟ್ಟೆ ಮೇಲೆ ಕೂತು ನಾವು ಒಂದು ಲೆಕ್ಕ ಹಾಕಿದೆವು. ನೀವೂ ಮೊಬೈಲ್‌ನ ಕ್ಯಾಲ್ಕುಲೇಟರ್ ತೆಗೀರಿ.

ಒಂದು ಮರಿ ದಿನಕ್ಕೆ 25 ಗ್ರಾಂ ಬೆಳೆಯೋದು 21 ಗ್ರಾಂ ಬೆಳೀತು ಅನ್ನಿ. 4 ಗ್ರಾಂ ನಷ್ಟ. 21 ದಿನಕ್ಕೆ 84 ಗ್ರಾಂ. 20 ಮರಿ ಇದ್ದರೆ ಒಟ್ಟು 1,680 ಗ್ರಾಂ. ಅಂದ್ರೆ ಒಂದು ಮುಕ್ಕಾಲು ಕೆಜಿಯೂ ಇಲ್ಲ. ಮಾರಾಟಕ್ಕೆ ಬಂದ ಒಂದು ಮೊಲದ ತೂಕ ಸುಮಾರು 2 ಕೆಜಿ. ಹಾಗಾಗಿ 20ರಲ್ಲಿ ಒಂದೇ ಒಂದು ಮರಿ ಹೆಚ್ಚು ಉಳಿದರೂ ತೂಕದ ಲೆಕ್ಕ ಚುಕ್ತಾ. ಅದೂ ಕಳೆದ ತೂಕ ಒಂದು ಗ್ರಾಂ ಕೂಡ ವಾಪಸ್ ಬರಲ್ಲ ಅಂತ ಇಟ್ಕೊಂಡು ಮಾಡಿದ ಲೆಕ್ಕ. ಇನ್ನು ಮೇವು? ಮರಿ ದಿನಕ್ಕೆ 80 ಗ್ರಾಂ ತಿನ್ನುತ್ತಿದ್ದರೆ 16 ಗ್ರಾಂ ಉಳಿತಾಯ. 20 ಮರಿಗೆ 21 ದಿನದಲ್ಲಿ ಆರೂವರೆ ಕೆಜಿಗಿಂತ ಜಾಸ್ತಿ.

ಚಿಗವ್ವ ಸಂಘದ ಲೆಕ್ಕ ಬರೆಯೋಳು. ಲೆಕ್ಕ ಕೇಳಿದ ಮೇಲೆ ಸುಮ್ಮನಾದಳು.

ಹಾಗಾದ್ರೆ ಮಾಡೋದು ಹೇಗೆ?

ಇಲ್ಲಿ ಒಂದು ಎಚ್ಚರ. ಫ್ರಾನ್ಸ್‌ನಲ್ಲಿ ಮೊಲಕ್ಕೆ ಪೆಲೆಟ್ಟೇ ಪೂರ್ತಿ ಊಟ, ನಾರೂ ಅದರಲ್ಲೇ ಇರುತ್ತೆ. ನಮ್ಮಲ್ಲಿ ಅರ್ಧ ಕಾಳು, ಅರ್ಧ ಮೇವು. ಜೋಳದ ನುಚ್ಚು, ಗೋಧಿ ಬೂಸಾ, ಶೇಂಗಾ ಹಿಂಡಿ, ಜೊತೆಗೆ ಹಸಿರು. ಹಾಗಾಗಿ ನಾವು ಕಡಿತ ಮಾಡಬೇಕಾದ್ದು ಕಾಳು, ಪೆಲೆಟ್ ಮಾತ್ರ. ಒಣ ಮೇವು, ನಾರು ಸದಾ ಮುಂದಿರಬೇಕು. ವೈದ್ಯರ ಮಾತು ಕೇಳಿಕೊಂಡು ನಾವು ಹೀಗೆ ಮಾಡಿದೆವು.

1. ಮೊದಲು ಅಳತೆ. ಆರೋಗ್ಯವಾಗಿರೋ ಮರಿಗಳಿಗೆ ಮೂರು ದಿನ ತೂಕ ಮಾಡಿ ಹಾಕಿ, ಉಳಿದಿದ್ದನ್ನು ತೂಕ ಮಾಡಿ ತೆಗೆದೆವು. ಹತ್ತು ಮರಿ ದಿನಕ್ಕೆ 800 ಗ್ರಾಂ ತಿಂದರೆ, ಹಾಕಬೇಕಾದ್ದು 640 ಗ್ರಾಂ. ಮರಿ ಬೆಳೆದಂತೆ ವಾರವಾರ ಪ್ರಮಾಣ ಏರಿಸಬೇಕು. ಮೊದಲ ವಾರದ ಅಳತೆಯನ್ನೇ ಮೂರು ವಾರ ಹಾಕಿದರೆ ಅದು ಮಿತಿ ಅಲ್ಲ, ಉಪವಾಸ.

2. ಹೊತ್ತು ಸಂಜೆ. ಮೊಲ ರಾತ್ರಿ ತಿನ್ನೋ ಪ್ರಾಣಿ. ದಿನವೂ ಅದೇ ಹೊತ್ತಿಗೆ ಹಾಕಬೇಕು.

3. ಎಲ್ಲ ಮರಿಗೂ ಒಟ್ಟಿಗೆ ಬಾಯಿ ಹಾಕೋಕೆ ಜಾಗ ಬೇಕು. ಡಬ್ಬಿ ಕಿರಿದಾದರೆ ಬಲವಾದದ್ದು ತಿನ್ನುತ್ತೆ, ಸಣ್ಣದು ನಿಜವಾಗಲೂ ಉಪವಾಸ ಬೀಳುತ್ತೆ.

4. ನೀರು ಯಾವತ್ತೂ ನಿಲ್ಲಿಸಬಾರದು. ಮೇವು ಕಡಿಮೆಯಾದಾಗ ಮರಿ ತಿಂದಿದ್ದಕ್ಕೆ ಹೋಲಿಸಿದರೆ ಹೆಚ್ಚು ನೀರು ಕುಡಿಯುತ್ತೆ. ವಿದೇಶದ ಕೆಲವರು ಮೇವು ಇಳಿಸೋಕೆ ನೀರಿನ ಹೊತ್ತನ್ನೇ ಕಡಿಮೆ ಮಾಡಿ ನೋಡಿದ್ದುಂಟು. ನಮ್ಮ ಬಿಸಿಲಲ್ಲಿ ಅದು ಕೊಲೆ.

5. ಮೂರು ವಾರ ಆದ ಮೇಲೆ ಒಂದೇ ದಿನ ಡಬ್ಬಿ ತುಂಬಬಾರದು. ನಾಲ್ಕೈದು ದಿನದಲ್ಲಿ ಸ್ವಲ್ಪ ಸ್ವಲ್ಪ ಏರಿಸಬೇಕು.

ಯಾವಾಗ ಮಾಡಬಾರದು?

ಮರಿಗೆ ಹಾಲು ಕೊಡೋ ತಾಯಿಗೆ ಈ ಲೆಕ್ಕ ಬೇಡವೇ ಬೇಡ. ಅವಳಿಗೆ ಹೊಟ್ಟೆ ತುಂಬಾ ಬೇಕು.

ಏಪ್ರಿಲ್, ಮೇ ತಿಂಗಳು ಇನ್ನೊಂದು. ಕೊಪ್ಪಳ ಜಿಲ್ಲೆಯ ಬಿಸಿಲು ನಿಮಗೆ ಗೊತ್ತಲ್ಲ, 40 ಡಿಗ್ರಿ ದಾಟುತ್ತೆ. ಮೊಲ ನಮ್ಮ ಹಾಗೆ ಬೆವರಲ್ಲ, ಕಿವಿಯಿಂದ ಶಾಖ ಬಿಡುತ್ತೆ. 30 ಡಿಗ್ರಿ ದಾಟಿದರೇ ಕಷ್ಟ, 35 ದಾಟಿದರೆ ಜೀವಕ್ಕೇ ಅಪಾಯ. ದಕ್ಷಿಣ ಭಾರತದಲ್ಲಿ ಮಾಂಸದ ಮೊಲಗಳ ಮೇಲೆ ಕೆಲಸ ಮಾಡೋ ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರ ಇರೋದು ಕೊಡೈಕೆನಾಲ್ ಬೆಟ್ಟದ ಮನ್ನವನೂರಿನಲ್ಲಿ, ತಂಪು ಜಾಗದಲ್ಲಿ. ತಾವರಗೇರಾದ ತಗಡಿನ ಶೆಡ್ ಬೇರೆಯದೇ ಲೋಕ. ಬೇಸಿಗೆಯಲ್ಲಿ ಮರಿ ತಾನಾಗೇ ತಿನ್ನೋದು ಕಡಿಮೆ ಮಾಡಿರುತ್ತೆ. ಅದರ ಮೇಲೆ ನೀವೂ ಕಡಿಮೆ ಮಾಡಿದರೆ ಎರಡು ಸಲ ಕತ್ತರಿ ಹಾಕಿದ ಹಾಗೆ. ಆಗ ಬೇಕಿರೋದು ತಗಡಿನ ಮೇಲೆ ಗರಿ, ಹುಲ್ಲಿನ ಹೊದಿಕೆ, ಗಾಳಿ, ತಣ್ಣೀರು.

ಇನ್ನೊಂದು, ಎಲ್ಲ ಭೇದಿಯೂ ಹೆಚ್ಚು ತಿಂದಿದ್ದರಿಂದ ಬರಲ್ಲ. ಕಾಕ್ಸಿಡಿಯಾ ಅನ್ನೋ ಪರೋಪಜೀವಿಯಿಂದಲೂ ಬರುತ್ತೆ. ಹಿಕ್ಕೆ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತೆ. ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ವಿಷ ಇರಬಹುದು. ಅದಕ್ಕೆ ಮೊಲ ತುಂಬ ಬೇಗ ಬಲಿಯಾಗುತ್ತೆ. ಇವಕ್ಕೆಲ್ಲ ಮೇವು ಕಡಿಮೆ ಮಾಡೋದು ಮದ್ದಲ್ಲ.

ನಮ್ಮ ಮನೆಯ ತಪ್ಪನ್ನೂ ಹೇಳಿಬಿಡ್ತೀನಿ. ಮೊದಲ ಸಲ ಮರಿಗಳು ಸಾಯುವಾಗ ಕಾಕಾ ಮನೆಯಲ್ಲಿ ಉಳಿದಿದ್ದ ಅಮಾಕ್ಸಿಸಿಲಿನ್ ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಕಲಸಿ ಐದು ಮರಿಗೆ ಕುಡಿಸಿದ. ಐದೂ ಸತ್ತವು. ಪೆನಿಸಿಲಿನ್ ಜಾತಿಯ ಔಷಧ ಬಾಯಿ ಮೂಲಕ ಕೊಟ್ಟರೆ ಮೊಲದ ಕುರುಡುಗರುಳಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತು, ಕ್ಲಾಸ್ಟ್ರಿಡಿಯಂ ಮೇಲೇಳುತ್ತೆ. ಮನುಷ್ಯರ ಮಾತ್ರೆ ಮೊಲಕ್ಕೆ ಬೇಡ. 1962ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ಮೇವು, ಸಾಕಾಣಿಕೆ ಬಗ್ಗೆ ನಮ್ಮ ಜಿಲ್ಲೆಯವರು ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೇಳಬಹುದು.

ರಾತ್ರಿಯ ಸದ್ದು

ಎರಡನೇ ಸಲ 36 ಮರಿ. ಚಿಗವ್ವ ಅಡುಗೆಮನೆಯ ತಕ್ಕಡಿ ಶೆಡ್ಡಿಗೆ ತಂದಿಟ್ಟಳು. ಮೊದಲ ವಾರ ಅವಳಿಗೆ ನಿದ್ದೆ ಇಲ್ಲ. ಡಬ್ಬಿ ಖಾಲಿಯಾದ ಮೇಲೆ ಮರಿಗಳು ರಾತ್ರಿ ಗೂಡಿನ ಜಾಲರಿ ಕಡಿಯೋ ಸದ್ದು ಬರುತ್ತಿತ್ತು. 'ಹಸಿದಾವು ಕಣೋ' ಅಂತ ಎರಡು ಸಲ ಎದ್ದು ಹೋಗಿದ್ದಳಂತೆ. ಒಂದು ಸಲ ಕಾಳಿನ ಡಬ್ಬಿಗೆ ಕೈ ಹಾಕಿ ವಾಪಸ್ ತೆಗೆದಳಂತೆ.

ಈ ಸದ್ದನ್ನು ನಾನು ಮುಚ್ಚಿಡಲ್ಲ. ಮೇವು ಕಡಿಮೆಯಾದ ಮರಿಗೆ ಹಸಿವಾಗುತ್ತೆ. ಪ್ರಾಣಿಗಳ ನೆಮ್ಮದಿ ಬಗ್ಗೆ ಮಾತಾಡೋರು ಎತ್ತೋ ಪ್ರಶ್ನೆಯೂ ಇದೇ. ನಾವು ಒಣ ಹುಲ್ಲು, ಕಡಿಯೋಕೆ ಕಟ್ಟಿಗೆ ತುಂಡು ಇಟ್ಟ ಮೇಲೆ ಸದ್ದು ಕಡಿಮೆಯಾಯ್ತು. ಪೂರ್ತಿ ನಿಲ್ಲಲಿಲ್ಲ. ಅದಕ್ಕೇ ಇದು ಮೂರು ವಾರದ ಮಾತು, ಶೇ 20ರ ಮಾತು. ಅರ್ಧಕ್ಕೆ ಇಳಿಸಿ ಖರ್ಚು ಉಳಿಸೋ ಉಪಾಯ ಅಲ್ಲ.

36ರಲ್ಲಿ ನಾಲ್ಕು ಹೋದವು. 32 ಉಳಿದವು. ಆ ಸಲ ಗೂಡೂ ಹೆಚ್ಚು ಚೊಕ್ಕಟ ಇತ್ತು, ಚಳಿಗಾಲವೂ ಆಗಿತ್ತು. ಹಾಗಾಗಿ ಎಲ್ಲ ಮೇವಿನ ಪವಾಡ ಅಂತ ನಾನು ಹೇಳಲ್ಲ. ಆದರೆ ಕಂತು ಕಟ್ಟಿದ ದಿನ ಚಿಗವ್ವ ಫೋನ್ ಮಾಡಿದ್ದಳು. ಈ ಸಲ ಬೆಳಿಗ್ಗೆ ಆರಕ್ಕಲ್ಲ, ಸಂಜೆ ಏಳಕ್ಕೆ.

'ಊಟ ಬಲ್ಲವನಿಗೆ ರೋಗವಿಲ್ಲ ಅಂತ ನಮಗ ಹೇಳ್ತಿದ್ರು ಹಿರಿಯಾರು. ಮರಿಗೇನು ಬಲ್ಲತನ ಇರ್ತೈತಿ? ಅದರ ಪರವಾಗಿ ನಾವೇ ಬಲ್ಲವರಾಗಬೇಕು ನೋಡು' ಅಂದಳು. ಹಿಂದೆ ತಕ್ಕಡಿಯ ಸದ್ದು ಕೇಳಿಸುತ್ತಿತ್ತು.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲೋ ಊರಲ್ಲೋ ಮೊಲ ಸಾಕೋರು ಇದ್ದರೆ ಈ ಸಂಚಿಕೆ ಅವರಿಗೆ ಕಳಿಸಿ. ಮುಂದಿನ ವಾರ ಸಿಗೋಣ.